ಡಾಕ್ಟರ್ ಯಲ್ಲಾಪ್ರಗಡ ಸುಬ್ಬರಾವ್

ನವಲಗುಂದ, ಅಣ್ಣಿಗೇರಿ, ಕುಂದಗೋಳ ಸೀಮೆಗಳ ಎರೆಹೊಲಗಳಲ್ಲಿ ಹತ್ತಿ ಬಿಡಿಸುವ, ಮೆಣಸಿನಕಾಯಿ ಹರಿಯುವ, ಕಡಲೆ ಕೀಳುವ ಕೆಲಸ ಬಹುಮಟ್ಟಿಗೆ ಹೆಣ್ಣುಮಕ್ಕಳದು. ಕಣ್ಣು ಹಾಯುವಷ್ಟು ದೂರ ಬಯಲು. ತಲೆಯ ಮೇಲೆ ಬಿಸಿಲು. ಬೆಳಿಗ್ಗೆ ಹೊತ್ತು ತಂದ ನೀರನ್ನು ಹಿಡಿತದಿಂದ ಕುಡಿಯಬೇಕು. ಮರೆಯಾದ ಸ್ಥಳವಿಲ್ಲದುದರಿಂದ ಜಲಬಾಧೆಯನ್ನು ಸಂಜೆಯವರೆಗೂ ತಡೆದುಕೊಳ್ಳಬೇಕು. ಹೀಗೆ ದುಡಿಯುವವರಲ್ಲಿ ಅನೇಕರನ್ನು ಉರಿಮೂತ್ರದ ಬೇನೆ ಕಾಡುತ್ತದೆ. ಸಂಕೋಚದಿಂದ ಅವರು ಅದನ್ನು ಯಾರಿಗೂ ಹೇಳದೆ ದಿನ ನೂಕುತ್ತಾರೆ.

ವೈದ್ಯರು ಈ ಬೇನೆಯನ್ನು ಮೂತ್ರಮಾರ್ಗದ ಸೋಂಕು ಎಂದು ಕರೆಯುತ್ತಾರೆ. ನಮ್ಮ ಕರುಳಿನಲ್ಲಿ ನಿರುಪದ್ರವಿಯಾಗಿ ವಾಸಿಸುವ ಎಷೆರಿಷಿಯ ಕೋಲೈ ಎಂಬ ಬ್ಯಾಕ್ಟೀರಿಯವೇ ಹೆಚ್ಚಿನ ಸಂದರ್ಭಗಳಲ್ಲಿ ಇದಕ್ಕೆ ಕಾರಣ. ಅದು ಮೂತ್ರಮಾರ್ಗವನ್ನು ಹೊಕ್ಕು ಮೂತ್ರಕೋಶದಲ್ಲಿ ನೆಲೆಸಿ ವೃದ್ಧಿ ಹೊಂದುತ್ತದೆ. ಸ್ತ್ರೀಯರಲ್ಲಿ ಈ ಮಾರ್ಗವು ಗಿಡ್ಡವಾಗಿರುವುದರಿಂದ ಸೋಂಕು ಅವರಿಗೇ ಹೆಚ್ಚು. ಅದು ಮೂತ್ರಪಿಂಡಗಳವರೆಗೆ ಏರಿದರೆ ಚಳಿಜ್ವರ ಬರುತ್ತದೆ. ಬೆನ್ನಿನ ಕೆಳಭಾಗದ ಇಕ್ಕೆಲಗಳಲ್ಲಿ ನೋವು ಕಾಣಿಸಿಕೊಳ್ಳುತ್ತದೆ. ಗರ್ಭಿಣಿಯರಲ್ಲಿ ತಾಯಿಗೂ ಹುಟ್ಟಲಿರುವ ಮಗುವಿಗೂ ಅಪಾಯ ಒದಗಬಹುದು. ಇಪ್ಪತ್ತನೆಯ ಶತಮಾನದ ಮೂರು ದಶಕಗಳು ಕಳೆಯುವವರೆಗೂ ಇದಕ್ಕೆ ನೆಚ್ಚಬಹುದಾದ ಮದ್ದು ಇರಲಿಲ್ಲ. ಇಂದು ವೈದ್ಯರು ಬರೆದುಕೊಡುವ ಕೆಲವೇ ಗುಳಿಗೆಗಳಿಂದ ಬೇನೆ ಗುಣವಾಗುತ್ತದೆ. ಆ ಗುಳಿಗೆಗಳ ಹಿಂದೆ ಹಲವು ದೇಶಗಳ ವಿಜ್ಞಾನಿಗಳ ದುಡಿಮೆಯಿದೆ. ಅವರ ಸಾಲಿನಲ್ಲಿ ನಮ್ಮ ನೆರೆಯ ಆಂಧ್ರದ ನಾಡಿನಿಂದ ಹೊರಟು, ಪರದೇಶದಲ್ಲಿ ದುಡಿದು, ಅಲ್ಲಿಯೇ ಕಣ್ಮುಚ್ಚಿದ ಮಹನೀಯರೊಬ್ಬರಿದ್ದಾರೆ. ಅವರೇ ಡಾಕ್ಟರ್ ಯಲ್ಲಾಪ್ರಗಡ ಸುಬ್ಬರಾವ್.

ಸುಬ್ಬರಾಯರು 1895ನೆಯ ಇಸವಿ ಜನವರಿ 12ರಂದು ಗೋದಾವರಿ ಸೀಮೆಯ ಭೀಮವರದಲ್ಲಿ ಜನಿಸಿದರು. ತಂದೆ ಜಗನ್ನಾಥಂ, ತಾಯಿ ವೆಂಕಮ್ಮ. ತಂದೆಯವರು ಕಂದಾಯ ಇಲಾಖೆಯ ನೌಕರಿಯಿಂದ ಬೇಗನೆ ನಿವೃತ್ತರಾದುದರಿಂದ ಮನೆಯಲ್ಲಿ ಬಡತನ ಕಾಲಿಟ್ಟಿತು. ಹುಡುಗ ಸುಬ್ಬರಾಯನಿಗೆ ಓದಿಗಿಂತ ಹಣ ಗಳಿಸುವ ಹಂಬಲವೇ ಹೆಚ್ಚಾಯಿತು. ಹದಿಮೂರರ ವಯಸ್ಸಿನಲ್ಲಿ ಆತ ಕಾಶಿಗೆ ಹೋಗಿ ಯಾತ್ರಿಕರಿಗೆ ಬಾಳೆಹಣ್ಣು ಮಾರಿ ಸಂಪಾದಿಸಬೇಕೆಂದು ಮನೆ ಬಿಟ್ಟು ಹೊರಟನು. ತಾಯಿ ಅವನನ್ನು ಹಿಂದಕ್ಕೆ ಕರೆತಂದು ಮತ್ತೆ ಶಾಲೆಗೆ ಕಳುಹಿಸಿದಳು. ಮೆಟ್ರಿಕ್ಯುಲೇಷನ್ ಪರೀಕ್ಷೆಯಲ್ಲಿ ಎರಡು ಸಲ ಸೋತ ಹುಡುಗ ಮೂರನೆಯ ಸಲ ಮದರಾಸಿನಲ್ಲಿ ತೇರ್ಗಡೆ ಹೊಂದಿದನು. ಮುಂದೆ ಜಗತ್ತಿನ ವಿಜ್ಞಾನಿಗಳ ಸಾಲಿನಲ್ಲಿ ನಿಂತವರು ಪರೀಕ್ಷೆಯಲ್ಲಿ ಎರಡು ಬಾರಿ ಎಡವಿದ್ದರೆಂಬುದು ವಿದ್ಯಾರ್ಥಿಗಳು ನೆನಪಿನಲ್ಲಿಡಬೇಕಾದ ಸಂಗತಿ.

ಕಾಲೇಜಿನಲ್ಲಿ ಓದುತ್ತಿದ್ದಾಗ ಸುಬ್ಬರಾಯರ ಮನಸ್ಸು ವೈರಾಗ್ಯದ ಕಡೆಗೆ ತಿರುಗಿತು. ರಾಮಕೃಷ್ಣ ಮಿಷನ್ ಸೇರಿ ಸಂನ್ಯಾಸಿಯಾಗಬೇಕೆಂದು ಅವರು ಬಯಸಿದರು. ತಾಯಿ ಅದಕ್ಕೆ ಒಪ್ಪಲಿಲ್ಲ. ವೈದ್ಯರಾದರೂ ಜನಸೇವೆ ಮಾಡಬಹುದೆಂದು ಭಾವಿಸಿ ಅವರು ಮದರಾಸಿನ ವೈದ್ಯಕೀಯ ಕಾಲೇಜನ್ನು ಸೇರಿದರು. ಅದು ಗಾಂಧೀಜಿಯವರ ಕರೆಗೆ ದೇಶವು ಓಗೊಡುತ್ತಿದ್ದ ಕಾಲ. ಸುಬ್ಬರಾಯರು ಖಾದಿಯ ಉಡುಪನ್ನು ತೊಟ್ಟು ಶಸ್ತ್ರಚಿಕಿತ್ಸೆಯ ಕೊಠಡಿಗೆ ಬರತೊಡಗಿದರು. ಇದರಿಂದ ಆಂಗ್ಲ ಪ್ರಾಧ್ಯಾಪಕರ ಅಸಮಾಧಾನಕ್ಕೆ ಗುರಿಯಾದರು. ಫಲವಾಗಿ ಅವರಿಗೆ ಪೂರ್ಣ ಪದವಿಯಾದ ಎಂ.ಬಿ.ಬಿ.ಎಸ್. ದೊರೆಯದೆ, ಕೆಳದರ್ಜೆಯ ಎಲ್.ಎಂ.ಎಸ್. ಮಾತ್ರ ದೊರೆಯಿತು. ಸರ್ಕಾರಿ ವೈದ್ಯ ಸೇವೆಯ ಬಾಗಿಲು ಮುಚ್ಚಿದುದರಿಂದ ಅವರು ಮದರಾಸಿನ ಆಯುರ್ವೇದ ಕಾಲೇಜಿನಲ್ಲಿ ಅಂಗರಚನಾಶಾಸ್ತ್ರದ ಉಪನ್ಯಾಸಕರಾದರು.

ಈ ನಡುವೆ ಕುಟುಂಬದ ಮೇಲೆ ದುಃಖವೆರಗಿತು. ಸಹೋದರ ಪುರುಷೋತ್ತಮನು ಸ್ಪ್ರೂ ಎಂಬ ಕರುಳಿನ ವ್ಯಾಧಿಯಿಂದ ತೀರಿಕೊಂಡನು. ಈ ವ್ಯಾಧಿಯಲ್ಲಿ ಉಂಡ ಅನ್ನ ಮೈಗೆ ಹತ್ತುವುದಿಲ್ಲ, ರಕ್ತ ತೆಳುವಾಗುತ್ತದೆ, ರೋಗಿ ದಿನದಿನಕ್ಕೆ ಕೃಶನಾಗುತ್ತಾನೆ. ಅದೇ ವ್ಯಾಧಿ ಸುಬ್ಬರಾಯರನ್ನೂ ಹಿಡಿಯಿತು. ಆಯುರ್ವೇದ ವಿದ್ವಾಂಸರಾದ ಡಾಕ್ಟರ್ ಆಚಂಟ ಲಕ್ಷ್ಮೀಪತಿಯವರ ಚಿಕಿತ್ಸೆಯಿಂದ ಅವರು ಚೇತರಿಸಿಕೊಂಡರು. ಮನುಷ್ಯರನ್ನು ಹೀಗೆ ಕಣ್ಣೆದುರಿಗೇ ಕೊಂಡೊಯ್ಯುವ ವ್ಯಾಧಿಗಳಿಗೆ ಮದ್ದು ಹುಡುಕಬೇಕೆಂಬ ಸಂಕಲ್ಪ ಅವರಲ್ಲಿ ದೃಢವಾಯಿತು. ಮಾವನವರ ಹಾಗೂ ಧರ್ಮಸಂಸ್ಥೆಯೊಂದರ ನೆರವಿನಿಂದ ಅವರು ಅಮೆರಿಕಕ್ಕೆ ಪ್ರಯಾಣ ಮಾಡಿ, 1922ರ ಅಕ್ಟೋಬರ್ ತಿಂಗಳಲ್ಲಿ ಬೋಸ್ಟನ್ ನಗರವನ್ನು ತಲುಪಿದರು. ಊರಿನಲ್ಲಿ ಉಳಿದ ಪತ್ನಿ ಶೇಷಗಿರಿಯವರನ್ನು ಅವರು ಮತ್ತೆ ಕಾಣಲಿಲ್ಲ. ಅವರು ಹೊರಟ ಮೇಲೆ ಹುಟ್ಟಿದ ಗಂಡುಮಗು ಹಸುಳೆಯಾಗಿದ್ದಾಗಲೇ ತೀರಿಕೊಂಡಿತು.

ಬೋಸ್ಟನ್ನಿನಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ಉಷ್ಣವಲಯ ವೈದ್ಯಶಾಲೆಯಲ್ಲಿ ಸುಬ್ಬರಾಯರು ಓದಿದರು. ಕೈಯಲ್ಲಿ ಹಣವಿರಲಿಲ್ಲ. ವೈದ್ಯರಾಗಿದ್ದರೂ ಅಲ್ಲಿನ ಆಸ್ಪತ್ರೆಯೊಂದರಲ್ಲಿ ರಾತ್ರಿಯ ಪರಿಚಾರಕರಾಗಿ, ರೋಗಿಗಳ ಮಲಮೂತ್ರ ಪಾತ್ರೆಗಳನ್ನು ತೊಳೆದು ಹೊಟ್ಟೆ ಹೊರೆದರು. ಹಗಲು ಪ್ರಯೋಗಶಾಲೆ, ರಾತ್ರಿ ಆಸ್ಪತ್ರೆ. ಇಂಥ ದುಡಿಮೆಯ ನಡುವೆಯೇ ಅವರು ಸೈರಸ್ ಫಿಸ್ಕ್ ಎಂಬ ವಿಜ್ಞಾನಿಯೊಡನೆ ಸಂಶೋಧನೆಗೆ ತೊಡಗಿದರು. ರಕ್ತದಲ್ಲಿಯೂ ಮೂತ್ರದಲ್ಲಿಯೂ ರಂಜಕ ಎಷ್ಟಿದೆಯೆಂಬುದನ್ನು ನೀಲಿ ಬಣ್ಣದ ಗಾಢತೆಯಿಂದ ಅಳೆಯುವ ವಿಧಾನವನ್ನು 1925ರಲ್ಲಿ ಅವರಿಬ್ಬರೂ ಪ್ರಕಟಿಸಿದರು. ಅಂದಿನಿಂದ ಫಿಸ್ಕ್–ಸುಬ್ಬರಾವ್ ವಿಧಾನವೆಂಬ ಹೆಸರು ಜೀವರಸಾಯನಶಾಸ್ತ್ರದ ಪುಸ್ತಕಗಳಲ್ಲಿ ನೆಲೆಸಿತು. ಅದೇ ವಿಧಾನವನ್ನು ಬಳಸಿ, ಸ್ನಾಯುಗಳಿಗೆ ಶಕ್ತಿಯನ್ನೊದಗಿಸುವ ಫಾಸ್ಫೋಕ್ರಿಯಾಟಿನ್ ವಸ್ತುವನ್ನು 1927ರಲ್ಲಿ ಅವರು ಗುರುತಿಸಿದರು. 1929ರಲ್ಲಿ ಜೀವಕೋಶಗಳ ಶಕ್ತಿಯ ನಾಣ್ಯವೆಂದೇ ಹೇಳಬಹುದಾದ ಎ.ಟಿ.ಪಿ.ಯನ್ನು ಕಂಡುಹಿಡಿದರು. ಅದೇ ವರ್ಷ ಜರ್ಮನಿಯಲ್ಲಿ ಲೋಮನ್ ಎಂಬವರೂ ಸ್ವತಂತ್ರವಾಗಿ ಇದನ್ನು ಕಂಡಿದ್ದರು. ಇಷ್ಟಾದರೂ ಹಾರ್ವರ್ಡಿನಲ್ಲಿ ಸುಬ್ಬರಾಯರಿಗೆ ಶಾಶ್ವತವಾದ ಪ್ರಾಧ್ಯಾಪಕ ಸ್ಥಾನ ದೊರೆಯಲಿಲ್ಲ. ಅವರು 1940ರಲ್ಲಿ ಆ ಸಂಸ್ಥೆಯನ್ನು ಬಿಟ್ಟು, ನ್ಯೂಯಾರ್ಕ್ ರಾಜ್ಯದ ಪರ್ಲ್ ರಿವರ್ ಎಂಬಲ್ಲಿದ್ದ ಲೆಡರ್ಲೆ ಔಷಧ ಸಂಸ್ಥೆಯನ್ನು ಸೇರಿದರು. ಮುಂದೆ ಅಲ್ಲಿಯ ಸಂಶೋಧನಾ ವಿಭಾಗದ ನಿರ್ದೇಶಕರಾದರು.

ಈ ಹೊತ್ತಿಗೆ ಮೂತ್ರಮಾರ್ಗದ ಸೋಂಕಿಗೆ ಮದ್ದು ಹುಡುಕುವ ಕಾರ್ಯ ಎಲ್ಲಿಗೆ ಬಂದಿತ್ತೆಂಬುದನ್ನು ತಿಳಿದರೆ ಸುಬ್ಬರಾಯರ ಕೆಲಸದ ಬೆಲೆ ಗೊತ್ತಾಗುತ್ತದೆ. ನಮ್ಮ ಎರಡು ಮೂತ್ರಪಿಂಡಗಳು ದಿನಕ್ಕೆ ಸುಮಾರು 180 ಲೀಟರಿನಷ್ಟು ದ್ರವವನ್ನು ರಕ್ತದಿಂದ ಸೋಸುತ್ತವೆ. ಅದರಲ್ಲಿ ಬಹುಪಾಲನ್ನು ಮರಳಿ ರಕ್ತಕ್ಕೆ ಸೇರಿಸಿ, ಒಂದೂವರೆ ಲೀಟರಿನಷ್ಟನ್ನು ಮಾತ್ರ ಮೂತ್ರವಾಗಿ ಹೊರಹಾಕುತ್ತವೆ. ನಾವು ನುಂಗಿದ ಔಷಧವು ಮೂತ್ರಪಿಂಡಗಳ ಮೂಲಕ ಹೊರಬೀಳುವಂಥದಾದರೆ, ಅದು ಮೂತ್ರದಲ್ಲಿ ಸಾಂದ್ರವಾಗಿ ಶೇಖರವಾಗುತ್ತದೆ. ರೋಗಾಣುಗಳು ಇರುವುದೂ ಅಲ್ಲಿಯೇ. ಆದುದರಿಂದ ಈ ಬೇನೆಗೆ ಬೇಕಾದ ಔಷಧಕ್ಕೆ ಎರಡು ಗುಣಗಳಿರಬೇಕು: ಅದು ಕೆಡದೆ ಮೂತ್ರವನ್ನು ಸೇರಬೇಕು, ಸೇರಿದ ಮೇಲೆ ಎಷೆರಿಷಿಯ ಕೋಲೈಯನ್ನು ಸದೆಬಡಿಯಬೇಕು.

ಪೆನಿಸಿಲಿನ್ ಔಷಧಕ್ಕೆ ಮೊದಲನೆಯ ಗುಣ ಅತಿಯಾಗಿಯೇ ಇತ್ತು. ಅದು ಎಷ್ಟು ಬೇಗನೆ ಮೂತ್ರದ ಮೂಲಕ ಹೊರಟುಹೋಗುತ್ತಿತ್ತೆಂದರೆ, ಆ ಔಷಧ ಬಲು ವಿರಳವಾಗಿದ್ದ 1941ರಲ್ಲಿ ಆಕ್ಸ್‌ಫರ್ಡಿನ ವಿಜ್ಞಾನಿಗಳು ರೋಗಿಯ ಮೂತ್ರದಿಂದಲೇ ಅದನ್ನು ಮರಳಿ ತೆಗೆದು ಅವನಿಗೇ ಚುಚ್ಚಿದರು. ಆದರೆ ಎಷೆರಿಷಿಯ ಕೋಲೈಯ ಮುಂದೆ ಆ ಪೆನಿಸಿಲಿನ್ನಿನ ಆಟ ಸಾಗುತ್ತಿರಲಿಲ್ಲ. 1944ರಲ್ಲಿ ಬೆಳಕಿಗೆ ಬಂದ ಸ್ಟ್ರೆಪ್ಟೊಮೈಸಿನ್ ಆ ಜಾತಿಯ ರೋಗಾಣುಗಳನ್ನು ಕೊಲ್ಲುತ್ತಿತ್ತಾದರೂ ಅದನ್ನು ಸೂಜಿಯಿಂದಲೇ ಕೊಡಬೇಕಾಗಿತ್ತು. ರೋಗಾಣುಗಳು ಬಲುಬೇಗ ಅದಕ್ಕೆ ಜಗ್ಗದಂತಾಗುತ್ತಿದ್ದವು. ಬಾಯಿಂದ ನುಂಗಬಹುದಾದ, ಬಗೆಬಗೆಯ ರೋಗಾಣುಗಳನ್ನು ಹತ್ತಿಕ್ಕಬಲ್ಲ ಔಷಧ ಬೇಕಾಗಿತ್ತು.

ಅಂಥ ಔಷಧವನ್ನು ಮಣ್ಣಿನಲ್ಲಿ ಹುಡುಕಬೇಕೆಂದು ಸುಬ್ಬರಾಯರು ಯೋಜನೆ ಹಾಕಿದರು. ಮೊದಲ ಮಳೆ ಬಿದ್ದಾಗ ನಮ್ಮ ಎರೆನೆಲದಿಂದ ಏಳುವ ಹಿತವಾದ ವಾಸನೆ ಎಲ್ಲರಿಗೂ ಪರಿಚಿತ. ಆ ವಾಸನೆಯನ್ನು ಉಂಟುಮಾಡುವ ವಸ್ತುವನ್ನು ತಯಾರಿಸುವುದು ಮಣ್ಣಿನಲ್ಲಿರುವ ಸ್ಟ್ರೆಪ್ಟೊಮೈಸಿಸ್ ಮೊದಲಾದ ಸೂಕ್ಷ್ಮಜೀವಿಗಳು. ಆಹಾರಕ್ಕಾಗಿ ಪೈಪೋಟಿ ನಡೆಸುವ ಬೇರೆ ಜೀವಿಗಳನ್ನು ಅಡಗಿಸಲು ಇವು ಸ್ರವಿಸುವ ವಸ್ತುಗಳೇ ಅನೇಕ ಪ್ರತಿಜೈವಿಕ ಔಷಧಗಳಾಗಿವೆ. ವಿಶ್ವವಿದ್ಯಾಲಯದಿಂದ ನಿವೃತ್ತರಾಗಿದ್ದ ವಯೋವೃದ್ಧ ಸಸ್ಯವಿಜ್ಞಾನಿ ಬೆಂಜಮಿನ್ ಡಗ್ಗರ್ ಅವರು ಲೆಡರ್ಲೆ ಸಂಸ್ಥೆಯಲ್ಲಿ ಈ ಕೆಲಸ ಕೈಗೊಂಡರು. ದೇಶದ ನಾನಾ ಕಡೆಯಿಂದ ಮಣ್ಣಿನ ಮಾದರಿಗಳು ಬಂದವು. ಮಿಸೌರಿ ವಿಶ್ವವಿದ್ಯಾಲಯದ ಪ್ರಯೋಗಕ್ಷೇತ್ರದಿಂದ ಬಂದ ಹಿಡಿ ಮಣ್ಣಿನಲ್ಲಿ ಬಂಗಾರದ ಬಣ್ಣದ ಒಂದು ಜೀವಿ ದೊರೆಯಿತು. ಅದು ಕೊಟ್ಟ ಔಷಧಕ್ಕೆ ಬಂಗಾರದ ಅರ್ಥವೇ ಬರುವಂತೆ ಆರಿಯೊಮೈಸಿನ್ ಎಂದು ಹೆಸರಿಟ್ಟರು.

1948ರಲ್ಲಿ ನ್ಯೂಯಾರ್ಕಿನ ಹಾರ್ಲೆಮ್ ಆಸ್ಪತ್ರೆಯಲ್ಲಿ ಡಾಕ್ಟರ್ ಲೂಯಿ ರೈಟ್ ಅವರು ಇದನ್ನು ಮೊದಲಿಗೆ ರೋಗಿಗಳಿಗೆ ಕೊಟ್ಟು ನೋಡಿದರು. ಬಾಯಿಂದ ನುಂಗಿದರೂ ಇದು ರಕ್ತವನ್ನು ಸೇರುತ್ತಿತ್ತು; ಮೂತ್ರದಲ್ಲಿಯೂ ಕಾಣಿಸಿಕೊಳ್ಳುತ್ತಿತ್ತು. ಪೆನಿಸಿಲಿನ್ನಿಗೆ ಮಣಿಯದ ಹಲವು ರೋಗಾಣುಗಳು ಇದಕ್ಕೆ ಮಣಿದವು. ಮೂತ್ರಮಾರ್ಗದ ಸೋಂಕಿಗೂ ವೈದ್ಯರು ಇದನ್ನು ಬಳಸತೊಡಗಿದರು. ರೋಗಾಣುವಿನೊಳಗೆ ಪ್ರೋಟೀನನ್ನು ನೇಯುವ ರೈಬೊಸೋಮ್ ಎಂಬ ಮಗ್ಗವಿದೆ. ಈ ಔಷಧ ಆ ಮಗ್ಗಕ್ಕೆ ಅಂಟಿಕೊಂಡು ನೇಯ್ಗೆಯನ್ನು ನಿಲ್ಲಿಸುತ್ತದೆ. ಟೆಟ್ರಾಸೈಕ್ಲಿನ್ ಎಂಬ ದೊಡ್ಡ ಔಷಧ ಕುಟುಂಬಕ್ಕೆ ಆರಿಯೊಮೈಸಿನ್ನೇ ಹಿರಿಯಕ್ಕ. ಇದರ ಮಿತಿಗಳೂ ಕಾಲಕ್ರಮದಲ್ಲಿ ತಿಳಿದುಬಂದವು. ಹಾಲಿನೊಡನೆ ಸೇವಿಸಿದರೆ ಸುಣ್ಣದ ಅಂಶದೊಡನೆ ಬೆಸೆದುಕೊಂಡು ಔಷಧ ರಕ್ತಕ್ಕೆ ಸೇರುವುದು ಕಡಿಮೆಯಾಗುತ್ತದೆ. ಎಳೆಯ ಮಕ್ಕಳ ಹಲ್ಲುಗಳಿಗೆ ಮಾಸದ ಕಲೆ ಬರುತ್ತದೆಯಾದುದರಿಂದ ಅವರಿಗೂ ಗರ್ಭಿಣಿಯರಿಗೂ ಇದನ್ನು ಸಾಮಾನ್ಯವಾಗಿ ಕೊಡುವುದಿಲ್ಲ.

ಸುಬ್ಬರಾಯರ ಇನ್ನೊಂದು ಸಾಧನೆಯು ಮೂತ್ರಮಾರ್ಗದ ಔಷಧಗಳ ಗುಟ್ಟನ್ನು ತಿಳಿಯಲು ಮತ್ತಷ್ಟು ಸಹಾಯಕವಾಗಿದೆ. ಅದು ಫೋಲಿಕ್ ಆಮ್ಲದ ಕಥೆ. ಸೊಪ್ಪುಗಳಲ್ಲಿಯೂ ಪ್ರಾಣಿಗಳ ಯಕೃತ್ತಿನಲ್ಲಿಯೂ ಇರುವ ಯಾವುದೋ ವಸ್ತುವೊಂದು ರಕ್ತವೃದ್ಧಿಗೆ ಅವಶ್ಯವೆಂದು ವಿಜ್ಞಾನಿಗಳು ಅರಿತಿದ್ದರು. ಅದನ್ನು ಶುದ್ಧರೂಪದಲ್ಲಿ ಪಡೆಯುವುದು ಬಹು ಕಷ್ಟವಾಗಿತ್ತು. ಸುಬ್ಬರಾಯರ ನೇತೃತ್ವದ ತಂಡವು ಅದರ ರಚನೆಯನ್ನು ಅರಿತು 1945ರಲ್ಲಿ ಪ್ರಯೋಗಶಾಲೆಯಲ್ಲಿಯೇ ತಯಾರಿಸಿತು. ಸಹೋದರನನ್ನು ಬಲಿ ತೆಗೆದುಕೊಂಡ ಸ್ಪ್ರೂ ವ್ಯಾಧಿಗೆ ಇದೇ ಮದ್ದಾಯಿತು. ಎರೆಹೊಲದಲ್ಲಿ ತಾನಾಗಿ ಬೆಳೆಯುವ ಹಕ್ಕರಕಿಯನ್ನೋ, ಮೆಂತ್ಯೆ ಸೊಪ್ಪನ್ನೋ ಜೋಳದ ರೊಟ್ಟಿಯೊಡನೆ ತಿನ್ನುವಾಗ ನಮಗೆ ಈ ಸತ್ವ ದೊರೆಯುತ್ತದೆ. ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಗರ್ಭಿಣಿಯರಿಗೆ ಕಬ್ಬಿಣದ ಜೊತೆಗೆ ಕೊಡುವ ಗುಳಿಗೆಯಲ್ಲಿರುವುದೂ ಇದೇ ಫೋಲಿಕ್ ಆಮ್ಲ.

ಇದಕ್ಕೂ ಸೋಂಕಿಗೂ ಏನು ಸಂಬಂಧ? ಹೊಸ ಜೀವಕೋಶ ಹುಟ್ಟಬೇಕಾದರೆ ಮನುಷ್ಯನಿಗೂ ಬೇಕು, ಬ್ಯಾಕ್ಟೀರಿಯಕ್ಕೂ ಬೇಕು ಫೋಲಿಕ್ ಆಮ್ಲ. ಆದರೆ ನಾವು ಅದನ್ನು ಆಹಾರದಿಂದ ಪಡೆಯುತ್ತೇವೆ. ಬಹುಪಾಲು ಬ್ಯಾಕ್ಟೀರಿಯಗಳು ತಮಗೆ ಬೇಕಾದುದನ್ನು ತಾವೇ ತಯಾರಿಸಿಕೊಳ್ಳಬೇಕು. ಈ ತಯಾರಿಕೆಗೆ ಪ್ಯಾರಾ ಅಮೈನೊ ಬೆನ್ಜಾಯಿಕ್ ಆಮ್ಲವೆಂಬ ಕಚ್ಚಾವಸ್ತು ಬೇಕು. ಜರ್ಮನಿಯ ಡೊಮಾಕ್ ಅವರ ಶೋಧನೆಯಿಂದ 1935ರಲ್ಲಿ ಬಳಕೆಗೆ ಬಂದ ಸಲ್ಫ ಔಷಧಗಳು ರೂಪದಲ್ಲಿ ಈ ಕಚ್ಚಾವಸ್ತುವನ್ನು ಹೋಲುತ್ತವೆ. ಬೀಗದೊಳಗೆ ಹೊಕ್ಕು ಸಿಕ್ಕಿಕೊಂಡ ಕಳ್ಳಕೀಲಿಯಂತೆ ಅವು ನಿಜವಾದ ಕೀಲಿಗೆ ಎಡೆಗೊಡುವುದಿಲ್ಲ. ಬ್ಯಾಕ್ಟೀರಿಯದ ತಯಾರಿಕೆ ನಿಲ್ಲುತ್ತದೆ. ಅನ್ನದಲ್ಲಿಯೇ ಫೋಲಿಕ್ ಆಮ್ಲ ಪಡೆಯುವ ಮನುಷ್ಯನಿಗೆ ಆ ಕೊರತೆ ತಟ್ಟುವುದಿಲ್ಲ. ರೋಗಾಣುವನ್ನು ಕೊಂದು ರೋಗಿಯನ್ನು ಉಳಿಸುವ ವಿದ್ಯೆಯ ತಿರುಳು ಇದೇ.

ಫೋಲಿಕ್ ಆಮ್ಲದ ರಚನೆ ತಿಳಿದ ಮೇಲೆ ಅದನ್ನು ಹೋಲುವ ಕೃತಕ ವಸ್ತುಗಳನ್ನು ಸುಬ್ಬರಾಯರ ತಂಡ ಸಿದ್ಧಪಡಿಸಿತು. ಅವುಗಳಲ್ಲಿ ಒಂದಾದ ಅಮಿನಾಪ್ಟೆರಿನ್ನಿನಿಂದ ಬೋಸ್ಟನ್ನಿನ ಡಾಕ್ಟರ್ ಸಿಡ್ನಿ ಫಾರ್ಬರ್ ಅವರು ರಕ್ತದ ಕ್ಯಾನ್ಸರಿನಿಂದ ಬಳಲುತ್ತಿದ್ದ ಮಕ್ಕಳಿಗೆ ತಾತ್ಕಾಲಿಕವಾಗಿಯಾದರೂ ಉಪಶಮನ ನೀಡಿದರು. ಇನ್ನೊಂದಾದ ಮೆಥೊಟ್ರೆಕ್ಸೇಟ್ ಇಂದಿಗೂ ಬಳಕೆಯಲ್ಲಿದೆ. ಇವು ಫೋಲಿಕ್ ಆಮ್ಲವನ್ನು ಕೆಲಸಕ್ಕೆ ಅಣಿಗೊಳಿಸುವ ಒಂದು ಕಿಣ್ವವನ್ನು ತಡೆಯುತ್ತವೆ. ಅದೇ ಬಗೆಯ ಕಿಣ್ವ ಬ್ಯಾಕ್ಟೀರಿಯಗಳಲ್ಲಿಯೂ ಇದೆ. ಅಮೆರಿಕದ ಜಾರ್ಜ್ ಹಿಚಿಂಗ್ಸ್ ಮತ್ತು ಗರ್ಟ್ರೂಡ್ ಎಲಿಯನ್ ಅವರ ತಂಡ ಬ್ಯಾಕ್ಟೀರಿಯದ ಕಿಣ್ವವನ್ನು ಸಾವಿರಾರು ಪಟ್ಟು ಹೆಚ್ಚು ಬಿಗಿಯಾಗಿ ಹಿಡಿದು, ಮನುಷ್ಯನ ಕಿಣ್ವವನ್ನು ಬಹುಮಟ್ಟಿಗೆ ಮುಟ್ಟದಿರುವ ಟ್ರೈಮೆಥೊಪ್ರಿಮ್ ಎಂಬ ಔಷಧವನ್ನು ರೂಪಿಸಿತು. 1960ರ ದಶಕದ ಕೊನೆಯಲ್ಲಿ ಸಲ್ಫವನ್ನೂ ಇದನ್ನೂ ಕೂಡಿಸಿದ ಗುಳಿಗೆ ಬಂತು. ಒಂದೇ ದಾರಿಯ ಎರಡು ಬಾಗಿಲುಗಳನ್ನು ಒಟ್ಟಿಗೆ ಮುಚ್ಚಿದ ಈ ಗುಳಿಗೆ ಹಲವು ವರ್ಷ ಮೂತ್ರಮಾರ್ಗದ ಸೋಂಕಿಗೆ ಮುಖ್ಯ ಮದ್ದಾಗಿತ್ತು. ಸುಬ್ಬರಾಯರು ಇದನ್ನು ನೋಡಲು ಉಳಿದಿರಲಿಲ್ಲ. ಆದರೆ ಅವರ ತಂಡ ಬಿಡಿಸಿದ ಒಗಟಿನ ಮೇಲೆಯೇ ಮುಂದಿನವರ ಅರಿವು ಬೆಳೆಯಿತು.

ಸುಬ್ಬರಾಯರ ತಂಡದಿಂದಲೇ 1947ರಲ್ಲಿ ಆನೆಕಾಲು ರೋಗದ ಔಷಧವೂ ಬಂತು. ಕಲಬುರಗಿ, ಯಾದಗಿರಿ, ಬೀದರ ಜಿಲ್ಲೆಗಳಲ್ಲಿ ಆನೆಕಾಲು ರೋಗದ ನಿವಾರಣೆಗಾಗಿ ಮನೆಮನೆಗೆ ಹಂಚಿದ ಡಿ.ಇ.ಸಿ. ಗುಳಿಗೆ ಅದೇ. ಇಷ್ಟೆಲ್ಲ ಸಾಧಿಸಿದ ವ್ಯಕ್ತಿ ತಮ್ಮ ಹೆಸರಿಗಾಗಿ ಎಂದೂ ಹಂಬಲಿಸಲಿಲ್ಲ. ಆರಿಯೊಮೈಸಿನ್ ಕುರಿತ ಮೊದಲ ಪ್ರಬಂಧ ಡಗ್ಗರ್ ಅವರ ಹೆಸರಿನಲ್ಲಿಯೇ ಪ್ರಕಟವಾಯಿತು. ಅದರ ವಿಷಯ ಲೋಕಕ್ಕೆ ತಿಳಿದ ಕೆಲವೇ ವಾರಗಳಲ್ಲಿ, 1948ರ ಆಗಸ್ಟ್ ತಿಂಗಳ ಒಂದು ರಾತ್ರಿ, ಸುಬ್ಬರಾಯರು ನಿದ್ರೆಯಲ್ಲಿಯೇ ಹೃದಯಾಘಾತದಿಂದ ನಿಧನರಾದರು. ಆಗ ಅವರಿಗೆ 53 ವರ್ಷ. ಸ್ವತಂತ್ರ ಭಾರತಕ್ಕೆ ಮರಳುವ ಭಾಗ್ಯ ಅವರದಾಗಲಿಲ್ಲ. 1953ರಲ್ಲಿ ವಿಜ್ಞಾನಿಗಳು ಒಂದು ಶಿಲೀಂಧ್ರಕ್ಕೆ ಸುಬ್ಬರೊಮೈಸಿಸ್ ಎಂದು ಹೆಸರಿಟ್ಟು ಅವರನ್ನು ಗೌರವಿಸಿದರು. ಜನ್ಮಶತಾಬ್ದಿಯ ವರ್ಷವಾದ 1995ರಲ್ಲಿ ಭಾರತ ಸರ್ಕಾರ ಅವರ ಅಂಚೆಚೀಟಿಯನ್ನು ಹೊರತಂದಿತು.

ಅವರ ಕಾಲದ ಬಳಿಕ ರೋಗಾಣುಗಳೂ ಸುಮ್ಮನಿರಲಿಲ್ಲ. ಔಷಧವನ್ನು ಕಂಡಕಂಡಂತೆ ಸೇವಿಸಿದಾಗ ದುರ್ಬಲ ರೋಗಾಣುಗಳು ಸಾಯುತ್ತವೆ; ಅದಕ್ಕೆ ಜಗ್ಗದವು ಉಳಿದು ವಂಶವನ್ನು ಬೆಳೆಸುತ್ತವೆ. ಜಗ್ಗದಿರುವ ಗುಣವನ್ನು ಒಂದು ಬ್ಯಾಕ್ಟೀರಿಯ ಮತ್ತೊಂದಕ್ಕೆ ದಾಟಿಸುವುದೂ ಉಂಟು. ಹೀಗಾಗಿ ಟೆಟ್ರಾಸೈಕ್ಲಿನ್ ಇಂದು ಮೂತ್ರಮಾರ್ಗದ ಸೋಂಕಿಗೆ ಮೊದಲ ಆಯ್ಕೆಯಾಗಿ ಉಳಿದಿಲ್ಲ. ಸಲ್ಫ ಮತ್ತು ಟ್ರೈಮೆಥೊಪ್ರಿಮ್ ಗುಳಿಗೆಯ ಬಲವೂ ಕುಂದಿದೆ. ಬಳಿಕ ಬಂದ ಸಿಪ್ರೊಫ್ಲೊಕ್ಸಾಸಿನ್ ಮೊದಲಾದವುಗಳಿಗೂ ನಮ್ಮ ದೇಶದ ಬಹಳಷ್ಟು ಎಷೆರಿಷಿಯ ಕೋಲೈಗಳು ಮಣಿಯುತ್ತಿಲ್ಲ. 1953ರಲ್ಲಿ ಬಳಕೆಗೆ ಬಂದ ನೈಟ್ರೊಫ್ಯುರಾಂಟೊಯಿನ್ ಮಾತ್ರ ಮೂತ್ರಕೋಶದ ಸಾಮಾನ್ಯ ಸೋಂಕಿಗೆ ಇಂದಿಗೂ ವೈದ್ಯರ ನೆಚ್ಚಿನ ಮದ್ದಾಗಿದೆ. ಅದು ರಕ್ತದಲ್ಲಿ ಹೆಚ್ಚಾಗಿ ನಿಲ್ಲದೆ ಮೂತ್ರದಲ್ಲಿ ಸೇರುತ್ತದೆ. ರೋಗಾಣುವಿನ ಒಂದೇ ಅಂಗಕ್ಕಲ್ಲದೆ ಹಲವಕ್ಕೆ ಪೆಟ್ಟು ಕೊಡುತ್ತದೆ. ಆದುದರಿಂದ ಅದರಿಂದ ತಪ್ಪಿಸಿಕೊಳ್ಳುವುದು ರೋಗಾಣುವಿಗೆ ಸುಲಭವಲ್ಲ. ಆದರೆ ರಕ್ತದಲ್ಲಿ ನಿಲ್ಲದ ಈ ಗುಣದಿಂದಲೇ ಮೂತ್ರಪಿಂಡಕ್ಕೆ ಏರಿದ ಸೋಂಕಿಗೆ ಅದು ಸಾಲದು.

ಆದುದರಿಂದ ಯಾವ ಬೇನೆಗೆ ಯಾವ ಔಷಧ, ಎಷ್ಟು ದಿನ ಎಂಬುದನ್ನು ವೈದ್ಯರೇ ಹೇಳಬೇಕು. ಅಗತ್ಯವಿದ್ದಾಗ ಮೂತ್ರವನ್ನು ಪರೀಕ್ಷಿಸಬೇಕು. ಅಂಗಡಿಯಲ್ಲಿ ಕೇಳಿ ತಂದ ಎರಡು ಗುಳಿಗೆಗಳನ್ನು ನುಂಗಿ ಉರಿ ಕಡಿಮೆಯಾದೊಡನೆ ಬಿಟ್ಟುಬಿಡುವುದೂ, ಉಳಿದ ಗುಳಿಗೆಗಳನ್ನು ನೆರೆಯವರಿಗೆ ಕೊಡುವುದೂ ತರವಲ್ಲ. ಅದಕ್ಕಿಂತ ಮೊದಲು ನಡೆಯಬೇಕಾದ ಕೆಲಸವೂ ಇದೆ. ಹೊಲಕ್ಕೆ ಹೋಗುವವರಿಗೆ ಸಾಕಷ್ಟು ಕುಡಿಯುವ ನೀರು, ಹೆಣ್ಣುಮಕ್ಕಳಿಗೆ ಮರೆಯಾದ ಶುಚಿಯಾದ ಸ್ಥಳ, ಬೇನೆಯನ್ನು ನಾಚದೆ ಹೇಳಿಕೊಳ್ಳುವ ವಾತಾವರಣ ಒದಗಿದರೆ ಎಷ್ಟೋ ಮಂದಿಗೆ ಔಷಧದ ಅವಶ್ಯಕತೆಯೇ ಬೀಳದು.

ಸಂನ್ಯಾಸಿಯಾಗಲು ಹೊರಟಿದ್ದ ಸುಬ್ಬರಾಯರು ಕಾವಿ ಉಡದೆಯೇ ಪ್ರಯೋಗಶಾಲೆಯಲ್ಲಿ ಅದೇ ಸೇವೆಯನ್ನು ನೆರವೇರಿಸಿದರು. ಅವರು ಕೀರ್ತಿಯನ್ನು ಬಯಸಲಿಲ್ಲ; ತಾವು ಗಳಿಸಿದ ಜ್ಞಾನವನ್ನು ಮಾತ್ರ ನಮಗೆ ಬಿಟ್ಟುಹೋದರು. ಮಣ್ಣಿನ ಕಣದಲ್ಲಿಯೂ ಸೊಪ್ಪಿನ ಎಲೆಯಲ್ಲಿಯೂ ಅಡಗಿದ್ದ ಆ ಜ್ಞಾನವನ್ನು ಹೊರತೆಗೆಯಲು ಅವರು ಒಂದು ಬಾಳನ್ನೇ ವ್ಯಯಿಸಿದರು. ಅದನ್ನು ಅಜಾಗರೂಕತೆಯಿಂದ ಕಳೆದುಕೊಳ್ಳದೆ ಮುಂದಿನವರಿಗೆ ಉಳಿಸಿಕೊಡುವುದು ನಮ್ಮೆಲ್ಲರ ಕರ್ತವ್ಯವಾಗಿದೆ.